ಗಾಲ್ವೇಯಲ್ಲಿ ಅವ್ವ ಆರಿಸಿದ ಹೋಟೆಲು

ಶ್ರೀ ಬೀರಲಿಂಗೇಶ್ವರ ಪ್ರಸನ್ನ

ಜಡೆ, ಸೊರಬ ತಾಲ್ಲೂಕು
ಮಂಗಳವಾರ, 26 ಆಗಸ್ಟ್ 1997

ತಿಪ್ಪೇಶಣ್ಣನಿಗೆ ನಿನ್ನ ತಂಗಿ ರೋಜಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಸುಖವಾಗಿದ್ದೇವೆ, ನಿನ್ನ ಯೋಗಕ್ಷೇಮಕ್ಕೆ ಬರೆಯುತ್ತಿರು ಅಂತ ಶುರು ಮಾಡಬೇಕಿತ್ತು. ನಿನ್ನ ಎರಡನೇ ಕಾಗದ ಬಂದು ಹನ್ನೆರಡು ದಿನವಾದರೂ ಉತ್ತರ ಬರೆಯದೆ ಇದ್ದದ್ದಕ್ಕೆ ತಪ್ಪಾಯಿತು ಅಂತಲೂ ಬರೆಯಬೇಕಿತ್ತು. ತಪ್ಪಾಗಿಲ್ಲ. ಬೇಕಂತಲೇ ಬರೆಯಲಿಲ್ಲ. ಹೋದ ವಾರವೇ ಪೆನ್ನು ಹಿಡಿದಿದ್ದರೆ ಬಾಯಿಗೆ ಬಂದದ್ದನ್ನೆಲ್ಲ ಬರೆದುಬಿಡುತ್ತಿದ್ದೆ. ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ಸುದ್ದಿ. ಅವ್ವ ಅಂಜನಾಪುರದ ಮನೆಯಲ್ಲಿಲ್ಲ, ನನ್ನ ಹತ್ತಿರ ಇದ್ದಾಳೆ. ಆಗಸ್ಟ್ ಹದಿನೈದರಂದು ಅಂಗನವಾಡಿಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಮಿಠಾಯಿ ಹಂಚಿ ನಾನು ಮನೆಗೆ ಬಂದರೆ ಅವ್ವ ಜಗಲಿಯ ಮೇಲೆ ಕೂತಿದ್ದಳು. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ ಅಂತ ಬಸ್ಸು ಬದಲಿಸಿಕೊಂಡು, ಪ್ರತಿ ಬಸ್ಸಿನ ಟಾಪಿಗೂ ರಾಟೆಯನ್ನು ತಾನೇ ಮುಂದೆ ನಿಂತು ಏರಿಸಿ, ಇಳಿಸಿ, ನೂಲಿನ ಮೂಟೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಾಳೆ. ಕುರಿಗಳನ್ನು ಪಕ್ಕದ ಮನೆಯ ಹನುಮಮ್ಮನಿಗೆ ಒಪ್ಪಿಸಿದ್ದಾಳಂತೆ. ನಾನು ನೀರು ಕೊಟ್ಟೆ. ಕುಡಿದಳು. ಚೊಂಬು ಕೆಳಗಿಟ್ಟು ಅಂದದ್ದು ಒಂದೇ ಮಾತು: "ಗಾಲ್ವೇಗೆ ನಾ ಹೋಗಂಗಿಲ್ಲಂತೆ ಕಣವ್ವ. ಲೋಕಪ್ಪ ಹೊಂಟಾನಂತೆ."

ಇದು ನನಗೆ ಹೊಸ ಸುದ್ದಿಯಾಗಿರಲಿಲ್ಲ, ಹಿಂದಿನ ದಿನವೇ ನಿನ್ನ ಎರಡನೇ ಕಾಗದ ಬಂದಿತ್ತು. ಆದರೆ ನನ್ನ ಹೊಟ್ಟೆ ಉರಿಸಿದ್ದು ಅದಲ್ಲ, ನಿನ್ನ ಮೊದಲನೇ ಕಾಗದ. ಅದನ್ನು ಈಗ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬೆಂಗಳೂರಿನ ತರಬೇತಿಯ ಊಟ ಚೆನ್ನಾಗಿದೆ, ಹಾಸ್ಟೆಲಿನಲ್ಲಿ ಸೊಳ್ಳೆ ಜಾಸ್ತಿ ಅಂತೆಲ್ಲ ಬರೆದು ನಡುವೆ ಹೀಗೆ ಬರೆದಿದ್ದೀ: "ನಮಗೆ ಚೌಕದ ಆರಂತಸ್ತಿನ ಹೋಟೆಲೇ ಗೊತ್ತಾಗಿದೆ. ಐದನೇ ಮಹಡಿ. ಕಿಟಕಿಯಲ್ಲಿ ಸಮುದ್ರ ಕಾಣುತ್ತದಂತೆ. ಪಕ್ಕದ ರೂಮಿನಲ್ಲೇ ಲೋಕಪ್ಪನವರು ಇರುವುದರಿಂದ ಭಾಷೆಯ ತೊಂದರೆ ಆಗಲಾರದು." ಅಷ್ಟೇ. ಕಂಬಳಿ ನೇಕಾರರ ಸಂಘದ ಕಾರ್ಯದರ್ಶಿ ಲೋಕಪ್ಪ ಅಲ್ಲಿಗೆ ಯಾಕೆ ಬಂದ, ಅವ್ವನ ಕೋಣೆ ಎಲ್ಲಿ ಹೋಯಿತು, ಒಂದಕ್ಷರ ಇಲ್ಲ. ನಾನು ಆ ಸಾಲನ್ನು ಮೂರು ಸಲ ಓದಿದೆ. ಲೋಕಪ್ಪ ಜೊತೆಗೆ ಮೂರನೆಯವನಾಗಿ ಬರುತ್ತಿರಬೇಕು ಅಂದುಕೊಂಡೆ, ನಿನ್ನ ಮೇಲೆ ಅಷ್ಟು ನಂಬಿಕೆ ನನಗೆ.

ಅಣ್ಣ, ನೀನು ಮರೆತಿದ್ದರೆ ನೆನಪು ಮಾಡುತ್ತೇನೆ. ಹೋದ ನವೆಂಬರಿನಲ್ಲಿ ಜೀಪಿನಲ್ಲಿ ನೋರಾ ಅನ್ನುವ ಆ ಐರ್ಲೆಂಡಿನ ಹೆಂಗಸು ನಮ್ಮ ಮನೆಗೆ ಬಂದಾಗ ನಾನೂ ಅಲ್ಲೇ ಇದ್ದೆ. ನೀನು ನಿನ್ನ ಮಗ್ಗ ತೋರಿಸಿದೆ. ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚುವುದನ್ನು ತೋರಿಸಿದೆ. ಅಪ್ಪ ನೇಯ್ದ ಹಳೇ ಕಂಬಳಿಯನ್ನೂ ಪೆಟ್ಟಿಗೆಯಿಂದ ತೆಗೆದು ಹಾಸಿದೆ. ಆಕೆ ಎಲ್ಲವನ್ನೂ ಚೆನ್ನಾಗಿದೆ ಅಂತಲೇ ನೋಡಿದಳು. ಆಮೇಲೆ ಕಂಬಳಿಯ ಅಂಚಿನಿಂದ ಒಂದು ಎಳೆ ಬಿಡಿಸಿ, ಬೆರಳಲ್ಲಿ ಹೊಸೆದು, ಈ ನೂಲು ಯಾರದು ಅಂತ ಕೇಳಿದಳು. ಜೊತೆಗೆ ಬಂದಿದ್ದವರು ಅದನ್ನು ಕನ್ನಡದಲ್ಲಿ ಹೇಳಿದರೆ ಎಲ್ಲರೂ ನಿನ್ನ ಕಡೆ ಕೈ ತೋರಿಸಿದರು. ಆಕೆ ತಲೆ ಅಲ್ಲಾಡಿಸಿ ಮತ್ತೆ ಕೇಳಿದಳು. ಆಗ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಆ ಹೆಂಗಸು ಅವ್ವನ ಪಕ್ಕದಲ್ಲಿ ಕಾಲು ಮಡಿಸಿಕೊಂಡು ನೆಲದ ಮೇಲೆ ಕೂತು ಒಂದು ಗಂಟೆ ರಾಟೆ ನೋಡಿದ್ದು, ಪುಸ್ತಕದಲ್ಲಿ ಅವ್ವನ ಹೆಸರು ಬರೆದುಕೊಂಡದ್ದು ನಿನಗೆ ನೆನಪಿದೆಯೋ ಇಲ್ಲವೋ. ಅವ್ವನಿಗಂತೂ ಇದೆ. ಮುಂದೆ ಒಂದು ತಿಂಗಳು ಬಂದವರಿಗೆಲ್ಲ ಹೇಳಿದಳು, "ಆಕಿ ನನ್ನ ಹೆಸರು ಬರಕಂಡ್ಲು" ಅಂತ.

ನಮ್ಮಲ್ಲಿ ನೇಯುವವರು ಗಂಡಸರು, ನೂಲುವವರು ಹೆಂಗಸರು. ಅಪ್ಪ ಇದ್ದಾಗ ಊರೆಲ್ಲ ಗುಡ್ಡಪ್ಪನ ಕಂಬಳಿ ಅಂತಿತ್ತು, ಅಪ್ಪ ಹೋದ ಮೇಲೆ ತಿಪ್ಪೇಶನ ಕಂಬಳಿ ಅನ್ನುತ್ತದೆ. ಎರಡಕ್ಕೂ ನೂಲು ಒಬ್ಬಳದೇ. ಗುತ್ಯಮ್ಮನ ನೂಲು ಅಂತ ಇಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ಬಂದಿರಲಿಲ್ಲ. ಸಮುದ್ರದಾಚೆಯಿಂದ ಬಂದವಳೊಬ್ಬಳು ಕೇಳಬೇಕಾಯಿತು. ಅದಕ್ಕೇ ಆಮಂತ್ರಣ ಬಂದಾಗ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಐರ್ಲೆಂಡಿನ ಗಾಲ್ವೇ ನಗರದ ಉಣ್ಣೆ ಮೇಳಕ್ಕೆ ಎಂಟು ದಿನದ ಮಟ್ಟಿಗೆ ಇಬ್ಬರು ಬರಬೇಕು, ನೇಯುವವರು ಒಬ್ಬರು, ನೂಲುವವರು ಒಬ್ಬರು.

ಕಾರಹುಣ್ಣಿಮೆಗೆ ನಾನು ತವರಿಗೆ ಬಂದಾಗ ಆ ಮೂರು ಹೋಟೆಲಿನ ಚಿತ್ರದ ಕಾಗದಗಳು ಬಂದಿದ್ದವು. ಮೂರರಲ್ಲಿ ಒಂದನ್ನು ಆರಿಸಿ, ಹಾಳೆ ತುಂಬಿ ಕಳಿಸಿ ಅಂತ ಬರೆದಿದ್ದರು. ಆ ದಿನದಷ್ಟು ನಮ್ಮ ಮನೆಯಲ್ಲಿ ನಗು ಯಾವತ್ತೂ ಇರಲಿಲ್ಲ. ಹೋಳಿಗೆ ಹಿಟ್ಟಿನ ಕೈಯಲ್ಲೇ ಕಾಗದ ಮುಟ್ಟುತ್ತೀ ಅಂತ ಅವ್ವ ನನಗೆ ಬೈದು, ಕೈ ತೊಳೆಸಿ, ಆಮೇಲೆ ಓದಿಸಿದಳು. ಒಂದು, ದೊಡ್ಡ ಚೌಕದಲ್ಲಿರುವ ಆರಂತಸ್ತಿನ ಹೋಟೆಲು. ಎರಡು, ನದಿ ದಂಡೆಯಲ್ಲಿ ಒಬ್ಬ ಹೆಂಗಸು ನಡೆಸುವ ಐದು ಕೋಣೆಯ ಮನೆ. ಮೂರು, ಕಾಲೇಜಿನ ಹಾಸ್ಟೆಲು. ನೀನು ನೋಡಿದ ಕೂಡಲೇ ಒಂದನೆಯದಕ್ಕೆ ಬಿದ್ದೆ. "ಅವ್ವಾ, ಇಲ್ಲಿ ಲಿಫ್ಟ್ ಐತಿ, ರೂಮಿನಾಗೇ ಟಿವಿ ಐತಿ, ಗುಂಡಿ ಒತ್ತಿದ್ರೆ ಚಾ ತಂದುಕೊಡ್ತಾರೆ" ಅಂದೆ.

ಅವ್ವ ಕೇಳಿದ್ದು ಬೇರೆ. "ಆರಂತಸ್ತಿನ ಮ್ಯಾಲೆ ರಾಟಿ ಸದ್ದು ಮಾಡಿದ್ರೆ ಕೆಳಗ ಮಲಗಿದೋರು ಬಯ್ಯಂಗಿಲ್ಲೇನು? ನೆಲದ ಮ್ಯಾಲೆ ಕುಂದ್ರಾಕ ಜಾಗ ಐತೋ ಇಲ್ಲೋ? ಉಣ್ಣಿ ತೊಳದ್ರೆ ಎಲ್ಲಿ ಒಣಗಿಸೋದು?" ಹಾಸ್ಟೆಲಿನ ಚಿತ್ರ ನೋಡಿ, ಇಷ್ಟು ಹುಡುಗರ ನಡುವೆ ಬಚ್ಚಲಿಗೆ ಪಾಳಿ ನಿಲ್ಲೋದು ನನ್ನ ಕೈಲಾಗಂಗಿಲ್ಲ ಅಂದಳು. ನದಿ ದಂಡೆಯ ಮನೆಯ ಚಿತ್ರವನ್ನು ಮಾತ್ರ ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದಳು. ಬಾಗಿಲ ಮುಂದೆ ಒಂದು ಬೆಂಚು, ಬೆಂಚಿನ ಪಕ್ಕದಲ್ಲಿ ಆ ಮನೆಯೊಡತಿ. "ಈಕಿ ಕೈ ಒರಿಸಿಕೊಂತ ನಿಂತಾಳೆ ನೋಡು. ಫೋಟೋ ಹೊಡೀತಾರಂತ ಎದ್ದು ಬಂದಾಳೆ, ಒಳಗ ಕೆಲಸ ಅರ್ಧ ಐತಿ. ಈಕಿ ಮನಿಗೇ ಹೋಗಾಣ" ಅಂದಳು.

ನಾನು ಹಾಳೆ ತುಂಬಿದೆ. ಊಟ ಏನು ಅಂತ ಕೇಳಿದ್ದಕ್ಕೆ ಎಲ್ಲ ಆಗುತ್ತದೆ, ಸೋಮವಾರ ಮಾತ್ರ ಮಾಂಸ ಬೇಡ ಅಂತ ಅವ್ವ ಹೇಳಿದ್ದನ್ನು ಹಾಗೇ ಬರೆದೆ. ಯಾವ ಮಹಡಿ ಅಂದದ್ದಕ್ಕೆ ನೆಲದ ಮಟ್ಟದ್ದು. ಬೇರೇನಾದರೂ ಬೇಕೆ ಅಂದದ್ದಕ್ಕೆ ಒಂದು ಚಾಪೆ. ನೀನು ಮುಖ ಸಿಂಡರಿಸಿಕೊಂಡು ಕುರಿ ಹೊಡೆದುಕೊಂಡು ಹೋದೆ. ಅವ್ವ ಆ ಚಿತ್ರವನ್ನು ದೇವರ ಗೂಡಿನಲ್ಲಿಟ್ಟಳು. ಬೀದಿಯ ಹೆಂಗಸರು ಬಂದು ನೋಡಿ ಹೋದರು. ಹನುಮಮ್ಮ, ನದಿ ಮನೆಗೆ ಇಷ್ಟು ಹತ್ತಿರ ಇದೆಯಲ್ಲ, ಮಳೆಗಾಲದಲ್ಲಿ ನೀರು ಒಳಗೆ ಬರುವುದಿಲ್ಲವೇ ಅಂತ ಕೇಳಿದ್ದಕ್ಕೆ ಅವ್ವ ಆ ಮನೆ ತನ್ನದೇ ಅನ್ನುವ ಹಾಗೆ ಸಿಟ್ಟಾಗಿದ್ದಳು. ಸಹಿ ಹಾಕಲು ಕಲಿತಳು. ಪಾಸ್‌ಪೋರ್ಟಿಗೆ ಹೆಬ್ಬೆಟ್ಟು ಸಾಕು ಅಂತ ನೀನು ಎಷ್ಟು ಹೇಳಿದರೂ ಕೇಳದೆ, ನನ್ನ ಅಂಗನವಾಡಿಯ ಸ್ಲೇಟು ಇಸಿದುಕೊಂಡು ಗು ಬರೆದು, ತ್ಯ ಬರೆದು, ಒತ್ತಕ್ಷರ ಬರದೆ ಅಳಿಸಿ ಮತ್ತೆ ಬರೆದು, ಹದಿನೈದು ದಿನದಲ್ಲಿ ಕಲಿತಳು.

ಈಗ ಹೇಳು, ಇದರಲ್ಲಿ ಅವ್ವ ಮಾಡಿದ ತಪ್ಪೇನು?

ಈ ತಿಂಗಳ ಹದಿಮೂರಕ್ಕೆ ಅವ್ವ ಶಿಕಾರಿಪುರದ ಸಂಘದ ಕಚೇರಿಗೆ ಹೋಗಿದ್ದಾಳೆ. ವಿಮಾನದಲ್ಲಿ ರಾಟೆಯನ್ನು ಬಿಚ್ಚಿ ಒಯ್ಯಬೇಕೋ ಹಾಗೇ ಒಯ್ಯಬಹುದೋ ಅಂತ ಕೇಳಲು. ನಡೆದದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. "ಲೋಕಪ್ಪ ಕುರ್ಚಿ ಹಾಕಿಸಿದ. ಚಾ ತರಿಸಿದ. ಅವಾಗ್ಲೇ ಅನ್ಕಂಡೆ, ಏನೋ ಐತಿ ಅಂತ. ಅವ್ವಾರೇ, ಹೋಟೆಲು ಬದ್ಲಿ ಆಗೇತಿ, ಅಷ್ಟು ದೂರ ನಿಮಗ್ಯಾಕ ತ್ರಾಸು, ನಾನೂ ತಿಪ್ಪೇಶೂ ಹೋಗಿ ಬರ್ತೀವಿ ಅಂದ. ಇನ್ನೊಂದಿಷ್ಟು ಸಣ್ಣ ನೂಲು ತೆಗದಿಡ್ರಿ, ಅಲ್ಲಿ ತೋರಿಸ್ಬೇಕು ಅಂದ. ಹಂಗೇ ಒಂದು ನಾಕು ದಿನ ಬಂದು ರಾಟಿ ತಿರುವೋದು ನಂಗೂ ಹೇಳಿಕೊಡ್ರಿ ಅಂದ."

ಓದಿದೆಯಾ? ಇನ್ನೊಂದು ಸಲ ಓದು. ಅವಳ ಜಾಗ ಕಿತ್ತುಕೊಂಡವನು, ಆ ಜಾಗದಲ್ಲಿ ಕೂತು ಮಾಡಬೇಕಾದ ಕೆಲಸವನ್ನು ಅವಳ ಹತ್ತಿರವೇ ಕಲಿಸಿಕೊಡು ಅಂತ ಕೇಳಿದ. ಹುಟ್ಟಿದಾಗಿನಿಂದ, ನೂಲಲು ಹಿಂಜಿ ಸುರುಳಿ ಮಾಡಿದ ಹಂಜಿ ಮುಟ್ಟದ ಗಂಡಸು. ಉಣ್ಣೆಯಲ್ಲಿ ಬೆನ್ನಿನದು ಯಾವುದು, ಹೊಟ್ಟೆಯದು ಯಾವುದು ಅಂತ ಗೊತ್ತಿಲ್ಲದವನು. ಅವ್ವ ಚಹಾ ಕುಡಿಯದೆ ಎದ್ದು ಬಂದಳಂತೆ. ಕಲಿಸುವುದಿಲ್ಲ ಅನ್ನಲೂ ಇಲ್ಲವಂತೆ. "ಏನಂತ ಹೇಳ್ಲಿ, ನನ್ನ ಮಗನೂ ಸಹಿ ಹಾಕ್ಯಾನ ಅಂತ ತೋರಿಸಿದ" ಅಂದಳು.

ನಿನ್ನ ಸಹಿ. ಅದನ್ನು ನೋಡಲೆಂದೇ ನಾನು ಹೋದ ಬುಧವಾರ ರಜೆ ಹಾಕಿ ಶಿಕಾರಿಪುರಕ್ಕೆ ಹೋದೆ. ಲೋಕಪ್ಪನವರು ಏನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಾದರೂ ಆಗಿದೆ ಅಂತ ಅವರಿಗೆ ಅನ್ನಿಸಿಯೇ ಇಲ್ಲ. "ಹಂಗಲ್ರೀ ಟೀಚರ್ರೇ, ನಾವೇನು ಯಾರ ತಾಟು ಕಸಗೊಂಡಿಲ್ಲ. ಅವರೇ ಕೇಳ್ಯಾರ್ರಿ, ಕಾಗದ ನೋಡ್ರಿ" ಅಂತ ಫೈಲನ್ನೇ ನನ್ನ ಮುಂದೆ ತಳ್ಳಿದರು. ಜುಲೈನಲ್ಲಿ ಗಾಲ್ವೇಯಿಂದ ಬಂದ ಕಾಗದ. ನೋರಾ ಬರೆದದ್ದಲ್ಲ, ಆ ಕಚೇರಿಯ ಬೇರೆ ಯಾರೋ ಸಹಿ ಹಾಕಿದ್ದಾರೆ. ಮೇಳದ ಖರ್ಚಿನಲ್ಲಿ ಕಸುಬುದಾರರಿಗೆ ಮಾತ್ರ ಕೋಣೆ ಕೊಡಲು ಸಾಧ್ಯ, ನಿಮ್ಮಿಬ್ಬರಲ್ಲಿ ನೂಲುವವರು ಯಾರು ಅಂತ ತಿಳಿಸಿ, ಹೋಟೆಲನ್ನು ಆಮೇಲೆ ಗೊತ್ತು ಮಾಡುತ್ತೇವೆ ಅಂತ ಬರೆದಿದ್ದಾರೆ.

ಒಂದು ಸಾಲಿನ ಪ್ರಶ್ನೆ, ಅಣ್ಣ. ನೂಲುವವರು ಯಾರು? ನಮ್ಮವ್ವ ಅಂತ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನೀವು ಅದಕ್ಕೆ ಅರ್ಧ ಪುಟ ಬರೆದಿದ್ದೀರಿ. ಲೋಕಪ್ಪ ಇಪ್ಪತ್ತು ವರ್ಷದ ಅನುಭವಸ್ಥ ನೂಲುಗಾರ, ಅವನಿಗೂ ತಿಪ್ಪೇಶನಿಗೂ ಚೌಕದ ಹೋಟೆಲಿನಲ್ಲಿ ಒಂದೊಂದು ಕೋಣೆ ಬೇಕು, ಮೇಲಿನ ಮಹಡಿಯಾದರೆ ಉತ್ತಮ. ಕೆಳಗೆ ಎರಡು ಸಹಿ. ಒಂದು ಲೋಕಪ್ಪನದು. ಇನ್ನೊಂದನ್ನು ನಾನು ಎಲ್ಲಿ ನೋಡಿದರೂ ಗುರುತು ಹಿಡಿಯುತ್ತೇನೆ, ತಿ ಬರೆದು ಉದ್ದ ಬಾಲ ಎಳೆಯುವುದು ನಿನ್ನ ಅಭ್ಯಾಸ. ಇಂಗ್ಲಿಷು ಬರುವುದಿಲ್ಲ, ಏನು ಬರೆದಿತ್ತೋ ಗೊತ್ತಿರಲಿಲ್ಲ ಅನ್ನಬೇಡ. ನಾನು ಕೇಳಿದೆ. "ಓದಿ ಹೇಳೇ ಸಹಿ ಮಾಡ್ಸೀನ್ರೀ. ಪಾಪ, ತಿಪ್ಪೇಶಗೂ ದೊಡ್ಡ ಹೋಟೆಲೇ ಮನಸಿನಾಗಿತ್ತು" ಅಂದರು ಲೋಕಪ್ಪನವರು.

ದೊಡ್ಡ ಹೋಟೆಲೇ ಮನಸ್ಸಿನಲ್ಲಿತ್ತು. ಅಷ್ಟಕ್ಕೆ ಅವ್ವನನ್ನು ಬಿಟ್ಟೆಯಾ? ಅಥವಾ ಅವ್ವನ ಜೊತೆ ಹೋಗಲು ನಾಚಿಕೆಯಾಯಿತಾ? ಇದನ್ನು ನೀನೇ ನನಗೆ ಉತ್ತರಿಸಬೇಕು. ನಿನ್ನ ಎರಡನೇ ಕಾಗದದಲ್ಲಿ ಕೊಟ್ಟ ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಅಲ್ಲಿ ಚಳಿ ಜಾಸ್ತಿ ಅಂತೆ. ಊರಿಗೆಲ್ಲ ಹೊದೆಯಲು ನೂಲಿದವಳಿಗೆ ನೀನು ಚಳಿಯ ಮಾತು ಹೇಳುತ್ತೀಯಾ? ಊಟ ಸೇರುವುದಿಲ್ಲವಂತೆ. ನೀನು ಮುದ್ದೆ ಇಲ್ಲದೆ ಎರಡು ದಿನ ಇದ್ದವನಲ್ಲ, ಅವ್ವ ಮಂಡಕ್ಕಿ ತಿಂದು ವಾರ ತಳ್ಳುತ್ತಾಳೆ. ಅಲ್ಲಿನ ಸಂಡಾಸು ಅವಳಿಗೆ ಬಳಸಲು ಬರುವುದಿಲ್ಲ, ನಾಲ್ಕು ಜನರ ಮುಂದೆ ನಗೆಪಾಟಲು ಆಗುತ್ತದೆ ಅಂತ ಬರೆದಿದ್ದೀ. ನಿನಗೆ ಹುಟ್ಟಿನಿಂದ ಬರುತ್ತಿತ್ತಾ? ನಿನ್ನ ಹಾಸ್ಟೆಲಿನಲ್ಲಿ ಹೋದ ತಿಂಗಳು ನೀನು ಕಲಿತದ್ದನ್ನು ಅವ್ವ ಅರ್ಧ ದಿನದಲ್ಲಿ ಕಲಿಯುತ್ತಾಳೆ. ಒತ್ತಕ್ಷರ ಕಲಿತವಳು.

ನಮ್ಮನೆಯವರು ನಿನ್ನೆ ಸಂಜೆ ನನ್ನ ಮುಖ ನೋಡಿ, "ಎಂತಕ್ಕೆ ಮಾರಾಯ್ತಿ ಇಷ್ಟು ಸಿಟ್ಟು, ಅವನು ನಿನ್ನ ಅಣ್ಣನೇ ಅಲ್ವನೆ. ಮದುವೆ ಆಗ್ಬೇಕಾದವ, ಫಾರಿನ್ನಿಗೆ ಹೋಗಿ ಬಂದ ಅಂದ್ರೆ ಹೆಣ್ಣು ಕೊಡೋರಿಗೂ ಒಂದು ಹೆಮ್ಮೆ" ಅಂದರು. ಹೋಗಲಿ, ಬೇಡ ಅಂದವರು ಯಾರು? ನಿನ್ನ ಜಾಗವನ್ನು ಯಾರೂ ಕೇಳಿರಲಿಲ್ಲ. ನೀನು ಅವ್ವನ ಜಾಗವನ್ನು ಕೊಟ್ಟೆ. ನಿನ್ನದಲ್ಲದ್ದನ್ನು ಕೊಟ್ಟೆ. ನಮ್ಮನೆಯವರಿಗೂ ಇದನ್ನೇ ಹೇಳಿದ್ದಕ್ಕೆ ಎದ್ದು ಹೋಗಿ ಎಮ್ಮೆ ಕರೆದರು. ದಿನವೂ ನಾನೇ ಕರೆಯುವುದು.

ಅವ್ವ ಹೇಗಿದ್ದಾಳೆ ಅಂತ ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಉಣ್ಣುತ್ತಾಳೆ, ಮಲಗುತ್ತಾಳೆ, ನನ್ನ ಜೊತೆ ಅಂಗನವಾಡಿಗೆ ಬಂದು ಮಕ್ಕಳ ಮೂಗು ಒರೆಸುತ್ತಾಳೆ. ರಾಟೆ ಮುಟ್ಟಿಲ್ಲ. ಇವತ್ತಿಗೆ ಹನ್ನೊಂದು ದಿನ. ಅಪ್ಪ ಸತ್ತಾಗಲೂ ತಿಥಿಯ ಮರುದಿನವೇ ಕೂತು ನೂಲಿದವಳು. ಮೊನ್ನೆ ನಾನೇ ಹಂಜಿ ತೆಗೆದು ಎದುರಿಗಿಟ್ಟೆ. ಎಳೆ ಹಿಡಿದಳು, ಎರಡು ಸುತ್ತು ತಿರುಗಿಸಿದಳು, ಎಳೆ ಹರಿಯಿತು. ಮತ್ತೆ ಹಚ್ಚಿದಳು, ಮತ್ತೆ ಹರಿಯಿತು. "ನೂಲು ಕೊಡಂಗಿಲ್ಲ ಅಂತ ನಾ ಹಟ ಹಿಡದಿಲ್ಲ ಕಣವ್ವ. ಕೈ ಬರವಲ್ದು" ಅಂದಳು. ಅವ್ವನ ಕೈಯಲ್ಲಿ ಎಳೆ ಹರಿದದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ನಾನು ನೋಡಿರಲಿಲ್ಲ. ಹಿತ್ತಲಿಗೆ ಹೋಗಿ ಅತ್ತೆ.

ಅವಳು ಹಟ ಹಿಡಿದಿಲ್ಲ, ನಾನು ಹಿಡಿದಿದ್ದೇನೆ. ಮೂಟೆಯಲ್ಲಿರುವ ನೂಲು ನನ್ನ ಅಟ್ಟದ ಮೇಲಿದೆ. ಅದರಲ್ಲಿ ಒಂದೆಳೆಯೂ ಲೋಕಪ್ಪನ ಕೈಗೆ ಹೋಗುವುದಿಲ್ಲ. ನಿನ್ನ ಕೈಗೂ ಹೋಗುವುದಿಲ್ಲ. ಗಾಲ್ವೇಯಲ್ಲಿ ಎಂಟು ದಿನ ಜನರ ಮುಂದೆ ಮಗ್ಗದಲ್ಲಿ ಏನು ಹಾಕಿ ನೇಯುತ್ತೀಯೋ ನೋಡಿಕೋ. ಅಂಗಡಿಯ ನೂಲು ತಗೊಂಡು ಹೋಗು. ಆ ನೋರಾ ಒಂದೆಳೆ ಬಿಡಿಸಿ ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತದೆ. ಆಗ ನೂಲುವವರು ಯಾರು ಅಂತ ಇಬ್ಬರೂ ಅವಳಿಗೆ ಉತ್ತರ ಹೇಳಿ.

ಇನ್ನೂ ದಿನ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನೀವು ಹೊರಡುವುದು ಸೆಪ್ಟೆಂಬರ್ ಹದಿನೆಂಟಕ್ಕೆ. ಇದರ ಜೊತೆಗೆ ನೋರಾಗೆ ನಾನು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ ಇಟ್ಟಿದ್ದೇನೆ. ಇಲ್ಲಿಂದ ಅಂಚೆಗೆ ಹಾಕಿದರೆ ಯಾವಾಗ ತಲುಪುತ್ತದೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ಫ್ಯಾಕ್ಸ್ ಇದೆ, ನಂಬರು ಆಮಂತ್ರಣದ ಮೇಲೇ ಇದೆ. ಈ ಕಾಗದ ಕೈಗೆ ಬಂದ ದಿನವೇ ಹೋಗಿ ಅದನ್ನು ಕಳಿಸು. ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದೇನೆ. ಮೊದಲಿನ ಕಾಗದ ಸುಳ್ಳು, ನೂಲುವವರು ನಮ್ಮ ತಾಯಿ ಗುತ್ಯಮ್ಮ, ನದಿ ದಂಡೆಯ ಮನೆಯಲ್ಲೇ ನಮಗಿಬ್ಬರಿಗೂ ಕೋಣೆ ಬೇಕು ಅಂತ ಬರೆದಿದೆ. ನೀನು ಸಹಿ ಹಾಕದಿದ್ದರೆ ಅದಕ್ಕೆ ಬೆಲೆ ಇಲ್ಲ, ಯಾರೋ ಹೊಟ್ಟೆಕಿಚ್ಚಿನವರು ಬರೆದದ್ದು ಅಂದುಕೊಳ್ಳುತ್ತಾರೆ. ಲೋಕಪ್ಪನಿಗೆ ಸಿಟ್ಟು ಬರುತ್ತದೆ, ಸಂಘದಲ್ಲಿ ಮುಂದೆ ತೊಂದರೆ ಕೊಡುತ್ತಾನೆ ಅಂತ ಹೆದರುತ್ತೀಯಾದರೆ ಹೆದರು. ಹೆದರಿಕೊಂಡೇ ಸಹಿ ಹಾಕು. ಹಾಕದೆ ಹೋದರೆ ದೀಪಾವಳಿಗೆ ನನ್ನನ್ನು ಕರೆಯಲು ಬರಬೇಡ.

ಅವ್ವನಿಗೆ ನಾನು ಬರೆಯುವುದು ಗೊತ್ತು. ಏನು ಬರೆದೆ ಅಂತ ಕೇಳಲಿಲ್ಲ. "ಆರೋಗ್ಯ ನೋಡ್ಕಂಡು ಉಣ್ಣು ಅಂತ ಬರಿ. ಚೆನ್ನಾಗಿರ್ಲಿ ಅಂತ ಬರಿ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ: ಆರೋಗ್ಯ ನೋಡಿಕೊಂಡು ಉಣ್ಣು. ಚೆನ್ನಾಗಿರು. ಇವು ಅವಳ ಮಾತು, ನನ್ನದಲ್ಲ. ನನ್ನ ಆಶೀರ್ವಾದ ಬೇಕಾದರೆ, ಚಿಕ್ಕವಳಾದರೂ ಒಂದು ಹಾರೈಸುತ್ತೇನೆ. ಬೀರಪ್ಪ ನಿನಗೆ ಇನ್ನು ಮೂರು ದಿನದೊಳಗೆ ನಾಚಿಕೆ ಕೊಡಲಿ.

ಇತಿ,
ನಿನ್ನ ತಂಗಿ
ರೋಜಾ

ಮರೆತ ಮಾತು: ಕವರು ಅಂಟಿಸಿದ್ದವಳು ಮತ್ತೆ ಬಿಚ್ಚಿದ್ದೇನೆ. ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ಇದನ್ನು ಓದಿ ನಿನ್ನ ತಪ್ಪು ಕಡಿಮೆಯಾಯಿತು ಅಂದುಕೊಳ್ಳಬೇಡ.

ಗಾಲ್ವೇಯವರು ಸುಮ್ಮಸುಮ್ಮನೆ ಆ ಪ್ರಶ್ನೆ ಕೇಳಿರಲಿಲ್ಲ. ಅವರ ಕಾಗದ ಓದಿ ನಾನು ಲೋಕಪ್ಪನವರ ಮೇಲೆ ಕೂಗಾಡಿದಾಗ ಅವರು ಫೈಲಿನ ಇನ್ನೊಂದು ಹಾಳೆ ಮಗುಚಿದರು. ಹೋಟೆಲಿನ ಹಾಳೆಯ ಪ್ರತಿ. "ಅಕ್ಷರ ಯಾರ್ದು ಹೇಳ್ರಿ ಟೀಚರ್ರೇ" ಅಂದರು. ನನ್ನದು. ಉದ್ಯೋಗ ಅನ್ನುವ ಕಾಲಮ್ಮಿನಲ್ಲಿ ನಿನ್ನ ಹೆಸರಿನ ಮುಂದೆ ನೇಕಾರ ಅಂತ ಬರೆದಿದ್ದೇನೆ. ಅವ್ವನ ಹೆಸರಿನ ಮುಂದೆ ಗೃಹಿಣಿ ಅಂತ ಬರೆದಿದ್ದೇನೆ. ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ, ಒಂದು ಚಿತ್ತುಕಾಟು ಇಲ್ಲದೆ. ಬರೆಯುವ ಮುಂಚೆ ಒಂದು ಕ್ಷಣ ಯೋಚಿಸಲೂ ಇಲ್ಲ. ರೇಷನ್ ಕಾರ್ಡಿನಲ್ಲಿ ಹಾಗೇ ಇದೆ, ವೋಟಿನ ಪಟ್ಟಿಯಲ್ಲಿ ಹಾಗೇ ಇದೆ, ಅಂಗನವಾಡಿಯ ರಿಜಿಸ್ಟರಿನಲ್ಲಿ ಗದ್ದೆ ನಾಟಿ ಮಾಡಿ ಬಂದು ಮಗುವನ್ನು ಕರೆದುಕೊಂಡು ಹೋಗುವ ತಾಯಂದಿರ ಮುಂದೆಲ್ಲ ನಾನೇ ಬರೆಯುವುದೂ ಅದನ್ನೇ.

ಲೋಕಪ್ಪ ಸುಳ್ಳು ಬರೆದ, ನೀನು ಸುಳ್ಳಿಗೆ ಸಹಿ ಹಾಕಿದೆ. ನಿಮ್ಮಿಬ್ಬರಿಗಿಂತ ಮೊದಲು ನಾನು ಬರೆದೆ. ನೋರಾಗೆ ಬರೆದ ಕಾಗದದಲ್ಲಿ ಅದನ್ನೂ ಒಪ್ಪಿಕೊಂಡಿದ್ದೇನೆ. ಅವ್ವನಿಗೆ ಇನ್ನೂ ಹೇಳಿಲ್ಲ. "ಒಂದು ತಾಸು ಕುಂತು ನೋಡಿ ಹೋಗ್ಯಾಳಲ್ಲ ಆಕಿ, ನಾ ನೂಲ್ತೀನಂತ ಅವರಿಗ್ಯಾಕ ಗೊತ್ತಾಗ್ಲಿಲ್ಲ?" ಅಂತ ಮೊನ್ನೆ ಕೇಳಿದಳು. ಎಲ್ಲ ಆ ಲೋಕಪ್ಪ ಮಾಡಿದ್ದು ಅಂದೆ.

ನಾನು ಆ ಹಾಳೆ ತುಂಬುವಾಗ ಅವ್ವ ನನ್ನ ಪಕ್ಕದಲ್ಲೇ ಕೂತು ನೂಲುತ್ತಿದ್ದಳು, ಅಣ್ಣ. ರಾಟೆಗೆ ನೆಲ ಅದುರಿ ಅಕ್ಷರ ಸೊಟ್ಟ ಬರುತ್ತಿತ್ತು. ಸ್ವಲ್ಪ ನಿಲ್ಲಿಸವ್ವ, ನಿನ್ನ ಹೆಸರು ಬರೆಯುತ್ತಿದ್ದೇನೆ ಅಂದೆ. ನಿಲ್ಲಿಸಿದಳು.